ಕುಸಿಯುತ್ತಿರುವ ಮನೆಗೂ ತೆರಿಗೆ ರಿಯಾಯಿತಿ: ಜಪಾನಿನ ಪಾಳುಮನೆಗಳ ಲೆಕ್ಕಾಚಾರ

ಜಪಾನಿನ ಸಣ್ಣ ಪಟ್ಟಣಗಳಲ್ಲಿ ಸೂರು ಕುಸಿದು, ಗೋಡೆ ವಾಲಿ, ಇನ್ನು ಯಾರೂ ವಾಸಿಸಲಾರರು ಎಂಬ ಸ್ಥಿತಿಗೆ ಬಂದ ಮನೆಗಳನ್ನೂ ಮಾಲೀಕರು ಕೆಡವದೆ ಹಾಗೆಯೇ ಬಿಡುತ್ತಾರೆ. ಇದನ್ನು ನೋಡಿದ ಹೊರಗಿನವರು ಬೇಜವಾಬ್ದಾರಿ ಎನ್ನುತ್ತಾರೆ. ಆದರೆ ಈ ದೇಶದ ಆಸ್ತಿ ತೆರಿಗೆಯ ನಿಯಮವನ್ನು ಓದಿದವರಿಗೆ, ಕೆಡವದಿರುವುದೇ ಬಹುಕಾಲ ಲಾಭದ ದಾರಿಯಾಗಿತ್ತು ಎಂಬುದು ತಿಳಿಯುತ್ತದೆ. 2023ರ ವಸತಿ ಮತ್ತು ಭೂಮಿ ಸಮೀಕ್ಷೆಯ ಪ್ರಕಾರ ಇಲ್ಲಿನ ಖಾಲಿ ಮನೆಗಳ ಸಂಖ್ಯೆ ಸುಮಾರು 90 ಲಕ್ಷ, ಅಂದರೆ ಒಟ್ಟು ಮನೆಗಳ ಶೇ. 13.8. 1993ರಲ್ಲಿ ಈ ಸಂಖ್ಯೆ 45 ಲಕ್ಷದ ಆಸುಪಾಸಿನಲ್ಲಿತ್ತು. ಬಾಡಿಗೆಗೆ ಕಾಯುತ್ತಿರುವ, ಮಾರಾಟಕ್ಕಿಟ್ಟ, ರಜೆಯಲ್ಲಿ ಬಂದುಹೋಗುವ ಮನೆಗಳನ್ನೆಲ್ಲ ಕಳೆದರೂ, ಯಾವ ಉದ್ದೇಶವೂ ಇಲ್ಲದೆ ಸುಮ್ಮನೆ ಮುಚ್ಚಿರುವ ಮನೆಗಳು 38 ಲಕ್ಷಕ್ಕಿಂತ ಹೆಚ್ಚು ಉಳಿಯುತ್ತವೆ. ನನ್ನ ಕಾಳಜಿ ಇರುವುದು ಈ ಕೊನೆಯ ಗುಂಪಿನ ಬಗ್ಗೆ, ಏಕೆಂದರೆ ಪಶ್ಚಿಮ ಜಪಾನಿನ ಒಳನಾಡು ಸಮುದ್ರದ ದಂಡೆಯಲ್ಲಿ ನಾನು ವಾಸಿಸುವ ಪಟ್ಟಣದ ಬೀದಿಗಳನ್ನು ಒಂದೊಂದಾಗಿ ಬರಿದು ಮಾಡುತ್ತಿರುವುದು ಇವೇ ಮನೆಗಳು.

ಇಲ್ಲಿನ ಆಸ್ತಿ ತೆರಿಗೆಯ ಸಾಮಾನ್ಯ ದರ ಶೇ. 1.4. ನಗರ ಯೋಜನಾ ವಲಯದೊಳಗಿನ ಆಸ್ತಿಯಾದರೆ ಅದರ ಮೇಲೆ ಗರಿಷ್ಠ ಶೇ. 0.3ರಷ್ಟು ನಗರ ಯೋಜನಾ ತೆರಿಗೆ ಸೇರುತ್ತದೆ. ಪಟ್ಟಣದ ಸ್ವಂತ ತೆರಿಗೆ ಆದಾಯದಲ್ಲಿ ಸುಮಾರು ಶೇ. 40 ಬರುವುದು ಈ ಆಸ್ತಿ ತೆರಿಗೆಯಿಂದಲೇ. ಆದ್ದರಿಂದ ಅದರಲ್ಲಿನ ಪ್ರತಿಯೊಂದು ರಿಯಾಯಿತಿಯೂ ರಸ್ತೆಗೆ, ಶಾಲೆಗೆ, ಕಸ ವಿಲೇವಾರಿಗೆ ಹೋಗಬೇಕಾದ ಹಣದಿಂದ ಕಳೆದದ್ದು. ಭೂಮಿಯ ಬೆಲೆ ಗಗನಕ್ಕೇರುತ್ತಿದ್ದ 1970ರ ದಶಕದ ಆರಂಭದಲ್ಲಿ, ಸ್ವಂತ ಮನೆಯಲ್ಲಿ ವಾಸಿಸುವ ಸಾಮಾನ್ಯ ಕುಟುಂಬ ತೆರಿಗೆಯ ಭಾರಕ್ಕೆ ಸಿಲುಕಬಾರದೆಂದು ವಾಸದ ಮನೆಯಿರುವ ಜಾಗಕ್ಕೆ ರಿಯಾಯಿತಿ ತಂದರು. ಮುಂದೆ ಅದು ಹಿಗ್ಗಿತು. 1994ರಿಂದ ಮನೆಯಿರುವ ನಿವೇಶನದ ಮೊದಲ 200 ಚದರ ಮೀಟರಿಗೆ, ತೆರಿಗೆ ಲೆಕ್ಕ ಹಾಕುವ ಮೌಲ್ಯವನ್ನು ಆರನೇ ಒಂದು ಭಾಗಕ್ಕೆ ಇಳಿಸಲಾಗುತ್ತಿದೆ. ನಗರ ಯೋಜನಾ ತೆರಿಗೆಯಲ್ಲಿ ಅದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮನೆ ಕಟ್ಟುವವರ, ಮನೆಯಲ್ಲಿರುವವರ ಹಿತಕ್ಕಾಗಿ ಹುಟ್ಟಿದ ನಿಯಮ ಅದು, ಆ ಕಾಲಕ್ಕೆ ಸರಿಯಾದದ್ದೂ ಹೌದು. ಆದರೆ ಜಾಗದ ಮೇಲೆ ಮನೆ ಇದೆಯೇ ಎಂದು ಕೇಳಿದ ನಿಯಮ, ಮನೆಯೊಳಗೆ ಜನ ಇದ್ದಾರೆಯೇ ಎಂದು ಕೇಳಲಿಲ್ಲ.

ಈ ವ್ಯತ್ಯಾಸ ಎಷ್ಟರದ್ದು ಎಂಬುದನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು, ಏಕೆಂದರೆ ಇಲ್ಲಿನ ಜನರ ಬಾಯಲ್ಲಿ 'ಮನೆ ಕೆಡವಿದರೆ ತೆರಿಗೆ ಆರು ಪಟ್ಟು' ಎಂಬ ಮಾತು ಗಟ್ಟಿಯಾಗಿ ಕೂತಿದೆ. ಪ್ರತಿ ವರ್ಷ ವಸಂತದಲ್ಲಿ ಮನೆಗೆ ಬರುವ ತೆರಿಗೆ ಪತ್ರದ ಜೊತೆಗೊಂದು ವಿವರಪಟ್ಟಿ ಇರುತ್ತದೆ. ಅದರಲ್ಲಿ ಜಾಗದ ನಿಗದಿತ ಮೌಲ್ಯ ಒಂದು ಅಂಕಣದಲ್ಲಿಯೂ ತೆರಿಗೆ ಹಾಕುವ ಮೌಲ್ಯ ಇನ್ನೊಂದರಲ್ಲಿಯೂ ಅಚ್ಚಾಗಿರುತ್ತವೆ. 150 ಚದರ ಮೀಟರಿನ, 60 ಲಕ್ಷ ಯೆನ್ ಮೌಲ್ಯದ ಒಂದು ನಿವೇಶನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮೇಲೆ ಮನೆ ಇರುವವರೆಗೆ ಎರಡನೆಯ ಅಂಕಣದಲ್ಲಿ 10 ಲಕ್ಷ ಯೆನ್ ಎಂದಷ್ಟೇ ಇರುತ್ತದೆ. ಆಸ್ತಿ ತೆರಿಗೆ 14,000 ಯೆನ್, ನಗರ ಯೋಜನಾ ತೆರಿಗೆ 6,000 ಯೆನ್, ಒಟ್ಟು 20,000. ಮನೆಯನ್ನು ಕೆಡವಿದ ಮೇಲೆ ಬರುವ ಜನವರಿ 1ರಂದು ಜಾಗ ಖಾಲಿ ಇದ್ದರೆ ರಿಯಾಯಿತಿ ಹೋಗುತ್ತದೆ. ಆದರೆ ವಾಸೇತರ ಜಾಗಕ್ಕೆ ತೆರಿಗೆ ಹಾಕುವ ಮೌಲ್ಯ ನಿಗದಿತ ಮೌಲ್ಯದ ಶೇ. 70ನ್ನು ಮೀರಬಾರದೆಂಬ ಬೇರೊಂದು ಮಿತಿ ಇರುವುದರಿಂದ ಲೆಕ್ಕ 42 ಲಕ್ಷಕ್ಕೆ ನಿಲ್ಲುತ್ತದೆ. ಆಗ ಎರಡೂ ತೆರಿಗೆ ಸೇರಿ 71,400 ಯೆನ್. ಅಂದರೆ ಏರಿಕೆ ಆರು ಪಟ್ಟಲ್ಲ, ಮೂರೂವರೆ ಪಟ್ಟಿಗಿಂತ ತುಸು ಹೆಚ್ಚು. ಕೆಡವಿದ ಮನೆಯ ಮೇಲಿನ ತೆರಿಗೆ ನಿಂತುಹೋಗುವುದರಿಂದ ನಿಜವಾದ ಅಂತರ ಇನ್ನೂ ಸ್ವಲ್ಪ ತಗ್ಗುತ್ತದೆ. ಆದರೂ ಊರು ಬಿಟ್ಟುಹೋದ ಮಕ್ಕಳಿಗೆ ವರ್ಷಕ್ಕೆ 50,000 ಯೆನ್ ಹೆಚ್ಚುವರಿ ಹೊರೆ ಎಂದರೆ, ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಲು ಅದೊಂದೇ ಸಾಕು.

ಬೆಲೆ ಕಡಿಮೆಯಿರುವ ಹಳ್ಳಿಗಾಡಿನಲ್ಲಿ ಈ ನಿಯಮ ಇನ್ನಷ್ಟು ವಿಚಿತ್ರವಾಗಿ ವರ್ತಿಸುತ್ತದೆ. ಒಂದು ಪಟ್ಟಣದೊಳಗೆ ಒಬ್ಬರ ಹೆಸರಿನಲ್ಲಿರುವ ಭೂಮಿಯ ತೆರಿಗೆ ಮೌಲ್ಯ 3 ಲಕ್ಷ ಯೆನ್‌ಗಿಂತ ಕಡಿಮೆ ಇದ್ದರೆ ಅದಕ್ಕೆ ಆಸ್ತಿ ತೆರಿಗೆಯೇ ಇಲ್ಲ. 17 ಲಕ್ಷ ಯೆನ್ ಮೌಲ್ಯದ ಸಣ್ಣ ನಿವೇಶನದ ಮೇಲೆ ಮುರುಕಲು ಮನೆಯೊಂದು ನಿಂತಿದ್ದರೆ ಆರನೇ ಒಂದು ಭಾಗದ ಲೆಕ್ಕದಲ್ಲಿ ಅದು 2.83 ಲಕ್ಷಕ್ಕೆ ಇಳಿದು, ಬೇರೆ ಭೂಮಿಯಿಲ್ಲದ ಮಾಲೀಕನ ತೆರಿಗೆ ಸೊನ್ನೆಯಾಗುತ್ತದೆ. ಅದೇ ಮನೆಯನ್ನು ಪ್ರಾಮಾಣಿಕವಾಗಿ ಕೆಡವಿ, ಜಾಗವನ್ನು ಚೊಕ್ಕಟ ಮಾಡಿದವನಿಗೆ ವರ್ಷಕ್ಕೆ 16,660 ಯೆನ್ ತೆರಿಗೆ ಶುರುವಾಗುತ್ತದೆ. ನೆರೆಹೊರೆಯ ಮೇಲೆ ಹಂಚು ಬೀಳದಂತೆ ನೋಡಿಕೊಂಡವನಿಗೆ ಸರ್ಕಾರ ಕಳಿಸುವ ಮೊದಲ ಪತ್ರ ಇದು ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ನಮ್ಮ ಓಣಿಯ ಮೇಲ್ತುದಿಯಲ್ಲಿ, ಗುಡ್ಡದ ಮೆಟ್ಟಿಲುಗಳು ತಿರುಗುವ ಕಡೆ, ಅಂಥದ್ದೊಂದು ಮನೆ ಇದೆ. ಅಂಚೆ ಪೆಟ್ಟಿಗೆಯ ಬಾಯಿಗೆ ಯಾರೋ ಅಂಟುಪಟ್ಟಿ ಹಾಕಿದ್ದಾರೆ, ಗ್ಯಾಸ್ ಮೀಟರು ಇದ್ದ ಜಾಗದಲ್ಲಿ ಮುಚ್ಚಳ ಹಾಕಿದ ಕೊಳವೆಯ ತುಂಡು ಮಾತ್ರ ಉಳಿದಿದೆ, ಕುಡ್ಜು ಬಳ್ಳಿ ಹಿಂಬದಿಯ ಗೋಡೆಯನ್ನು ಹತ್ತಿ ಹಂಚುಗಳ ಸಾಲನ್ನು ಎಬ್ಬಿಸಿದೆ. ಮಳೆ ಬಂದಾಗ ಎದ್ದ ಹಂಚಿನ ಸಂದಿನಿಂದ ನೀರಿಳಿದು ಒಳಗಿನ ಚಾಪೆಯ ನೆಲ ಕೊಳೆತಿರುವುದು ಒಡೆದ ಕಿಟಕಿಯಿಂದಲೇ ಕಾಣುತ್ತದೆ. ಅದರ ಕೆಳಗಿನ ಮನೆಯ ಅಜ್ಜಿ ಚಂಡಮಾರುತದ ಮುನ್ಸೂಚನೆ ಬಂದಾಗಲೆಲ್ಲ ಆ ಕಡೆಯ ಕೋಣೆಯನ್ನು ಬಿಟ್ಟು ಮುಂದಿನ ಕೋಣೆಯಲ್ಲಿ ಮಲಗುತ್ತಾರೆ. ವಾರಸುದಾರರು ಕೆಟ್ಟವರಲ್ಲ. ವರ್ಷಕ್ಕೊಮ್ಮೆ ಸಮಾಧಿಗೆ ಪೂಜೆ ಸಲ್ಲಿಸಲು ಬರುತ್ತಾರೆ, ನೆರೆಯವರ ಎದುರು ತಲೆಬಾಗಿ ಕ್ಷಮೆ ಕೇಳುತ್ತಾರೆ. ಆದರೆ ಮೆಟ್ಟಿಲ ದಾರಿಗೆ ಯಂತ್ರ ಬರುವುದಿಲ್ಲ, ಕೆಡವಿದ ಮರಮಟ್ಟನ್ನೆಲ್ಲ ಆಳುಗಳೇ ಹೊತ್ತು ಇಳಿಸಬೇಕು. ಸಮತಟ್ಟಾದ ಜಾಗದಲ್ಲಿಯೇ ಮರದ ಮನೆಯೊಂದನ್ನು ಕೆಡವಲು 10ರಿಂದ 20 ಲಕ್ಷ ಯೆನ್ ಬೀಳುವಾಗ ಇಲ್ಲಿ ಅದು ಇನ್ನೂ ಹೆಚ್ಚು. ಅಷ್ಟು ಸುರಿದು ಕೆಡವಿದರೂ ಆ ಜಾಗದಲ್ಲಿ ಮತ್ತೆ ಮನೆ ಕಟ್ಟುವಂತಿಲ್ಲ. 1950ರ ಕಟ್ಟಡ ಮಾನದಂಡ ಕಾಯ್ದೆಯ ಪ್ರಕಾರ ನಿವೇಶನವು ಸಾಮಾನ್ಯವಾಗಿ 4 ಮೀಟರ್ ಅಗಲದ ರಸ್ತೆಗೆ ಕನಿಷ್ಠ 2 ಮೀಟರಾದರೂ ತಾಗಿರಬೇಕು, ಹಳೆಯ ಓಣಿಗಳು ಆ ಅಳತೆಗೆ ಸಿಗುವುದಿಲ್ಲ. ಹೀಗಾಗಿ ಆ ಜಾಗಕ್ಕೆ ಮನೆಕಟ್ಟಿನ ಬೆಲೆ ಇರುವುದು ಹಳೆಯ ಮನೆ ನಿಂತಿರುವವರೆಗೆ ಮಾತ್ರ.

ಸರ್ಕಾರ ಈ ಗಂಟನ್ನು ಬಿಡಿಸಲು ಮೊದಲು ಕೈಹಾಕಿದ್ದು 2014ರ ನವೆಂಬರಿನಲ್ಲಿ ಅಂಗೀಕಾರವಾಗಿ 2015ರ ಮೇ ತಿಂಗಳಲ್ಲಿ ಪೂರ್ತಿಯಾಗಿ ಜಾರಿಗೆ ಬಂದ ಖಾಲಿ ಮನೆಗಳ ವಿಶೇಷ ಕಾಯ್ದೆಯ ಮೂಲಕ. ಕುಸಿಯುವ ಅಪಾಯವಿರುವ, ನೈರ್ಮಲ್ಯಕ್ಕೆ ತೀವ್ರ ಧಕ್ಕೆ ತರುವ ಮನೆಗಳನ್ನು ಪಟ್ಟಣದ ಆಡಳಿತ ಗುರುತಿಸಿ, ಮೊದಲು ಸಲಹೆ, ಆಮೇಲೆ ಶಿಫಾರಸು, ಆಮೇಲೆ ಆದೇಶ ನೀಡಿ, ಯಾವುದಕ್ಕೂ ಜಗ್ಗದಿದ್ದರೆ ತಾನೇ ಕೆಡವಿ ಖರ್ಚನ್ನು ಮಾಲೀಕನಿಂದ ವಸೂಲು ಮಾಡಬಹುದು. ಮಾಲೀಕ ಯಾರೆಂದೇ ತಿಳಿಯದ ಮನೆಯನ್ನು ಈ ಕಾಯ್ದೆಯಡಿ ಯೊಕೊಸುಕಾ ನಗರ 2015ರ ಅಕ್ಟೋಬರಿನಲ್ಲಿಯೇ ಕೆಡವಿಸಿತು. ತೆರಿಗೆಯ ದೃಷ್ಟಿಯಿಂದ ಮುಖ್ಯವಾದದ್ದು ಎರಡನೆಯ ಹಂತ. ಶಿಫಾರಸು ಹೊರಟ ಮೇಲೂ ಮಾಲೀಕ ಸರಿಪಡಿಸದಿದ್ದರೆ ಮುಂದಿನ ವರ್ಷದಿಂದ ಆರನೇ ಒಂದು ಭಾಗದ ರಿಯಾಯಿತಿ ರದ್ದಾಗುತ್ತದೆ. ಆದರೆ ಮನೆ ಬೀಳುವ ಹಂತಕ್ಕೆ ಬಂದ ಮೇಲೆ ಎಚ್ಚರಿಸುವುದರಿಂದ ಅದನ್ನು ಉಳಿಸುವ ಕಾಲ ಮುಗಿದೇ ಹೋಗಿರುತ್ತದೆ. ಇದನ್ನು ಮನಗಂಡು 2023ರ ಡಿಸೆಂಬರ್ 13ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಹಾಗೆಯೇ ಬಿಟ್ಟರೆ ಅಪಾಯದ ಹಂತಕ್ಕೆ ಹೋಗಲಿರುವ, ಸರಿಯಾದ ನಿರ್ವಹಣೆಯಿಲ್ಲದ ಮನೆಗಳಿಗೂ ಇದೇ ಶಿಕ್ಷೆಯನ್ನು ವಿಸ್ತರಿಸಿದರು. ಕಿಟಕಿ ಒಡೆದಾಗ, ಹಂಚು ಜಾರತೊಡಗಿದಾಗಲೇ ಪತ್ರ ಬರಬಹುದು. ಇದು ಸರಿಯಾದ ದಿಕ್ಕಿನ ಹೆಜ್ಜೆ ಎಂದೇ ನನ್ನ ಭಾವನೆ.

ಆದರೆ ಈ ಶಿಕ್ಷೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಮತ್ತೆ ಅದೇ 60 ಲಕ್ಷ ಯೆನ್ನಿನ ನಿವೇಶನದ ಮೇಲೆ ಇಟ್ಟು ನೋಡಬೇಕು. ರಿಯಾಯಿತಿ ಹೋದರೆ ಮನೆ ನಿಂತಿದ್ದರೂ 71,400 ಯೆನ್, ಕೆಡವಿದರೂ 71,400 ಯೆನ್. ಅಂದರೆ ಕೆಡವದಿರುವುದರ ಲಾಭ ಇಲ್ಲವಾಯಿತೇ ಹೊರತು ಕೆಡವುವುದರಿಂದ ಯಾವ ಲಾಭವೂ ಹುಟ್ಟಲಿಲ್ಲ. 15 ಲಕ್ಷ ಯೆನ್ ಕೈಯಲ್ಲಿಲ್ಲದವನು ವರ್ಷಕ್ಕೆ 50,000 ಹೆಚ್ಚು ಕಟ್ಟುತ್ತ ಹೋಗುತ್ತಾನೆ, ಆ ದರದಲ್ಲಿ ಅವನು ಕೆಡವುವ ಖರ್ಚಿನಷ್ಟು ದಂಡ ಕಟ್ಟಲು ಸುಮಾರು ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ಮನೆ ತಾನಾಗಿಯೇ ಬಿದ್ದಿರುತ್ತದೆ. ತಪ್ಪು ಪ್ರೇರಣೆಯನ್ನು ತೆಗೆದುಹಾಕುವುದು ಅಗತ್ಯ, ಆದರೆ ಅದನ್ನೇ ಸರಿಯಾದ ಪ್ರೇರಣೆ ಎಂದು ಎಣಿಸುವುದು ಆಡಳಿತದ ದೊಡ್ಡ ಭ್ರಮೆ.

ನಿಜವಾಗಿ ಜನರನ್ನು ಕದಲಿಸಿದ್ದು, ನನ್ನ ಓದಿನಲ್ಲಿ, 2016ರ ಏಪ್ರಿಲ್‌ನಿಂದ ಬಂದ ಇನ್ನೊಂದು ನಿಯಮ. ತೀರಿಕೊಂಡವರು ಒಬ್ಬರೇ ವಾಸಿಸುತ್ತಿದ್ದ ಮನೆಯನ್ನು ವಾರಸುದಾರರು ಮಾರಿದರೆ, ಮಾರಾಟದ ಲಾಭದಲ್ಲಿ 3 ಕೋಟಿ ಯೆನ್‌ವರೆಗೆ ತೆರಿಗೆಯಿಂದ ಬಿಡುಗಡೆ ಸಿಗುತ್ತದೆ. ಷರತ್ತುಗಳು ಬಿಗಿಯಾಗಿವೆ: ಮನೆ 1981ರ ಮೇ 31ರೊಳಗೆ, ಅಂದರೆ ಹೊಸ ಭೂಕಂಪ ಮಾನದಂಡ ಬರುವ ಮೊದಲು, ಕಟ್ಟಿದ್ದಾಗಿರಬೇಕು, ಅದನ್ನು ಕೆಡವಿರಬೇಕು ಇಲ್ಲವೇ ಭೂಕಂಪ ತಡೆಯುವಂತೆ ಬಲಪಡಿಸಿರಬೇಕು, ಮಾರಾಟದ ಬೆಲೆ 10 ಕೋಟಿ ಯೆನ್ ದಾಟಿರಬಾರದು, ಆಸ್ತಿ ಕೈಗೆ ಬಂದು ಮೂರು ವರ್ಷ ತುಂಬುವ ವರ್ಷದ ಡಿಸೆಂಬರ್ ಕೊನೆಯೊಳಗೆ ಮಾರಾಟ ಮುಗಿದಿರಬೇಕು. ಇದರ ಬಲವನ್ನೂ ಲೆಕ್ಕದಲ್ಲಿಯೇ ನೋಡಬಹುದು. ಅಪ್ಪ ಯಾವ ಬೆಲೆಗೆ ಕೊಂಡಿದ್ದರೆಂಬ ಕಾಗದ ಸಿಗದಿದ್ದರೆ ಮಾರಾಟದ ಬೆಲೆಯ ಶೇ. 5ನ್ನೇ ಕೊಂಡ ಬೆಲೆ ಎಂದು ಹಿಡಿಯುತ್ತಾರೆ. 1 ಕೋಟಿ ಯೆನ್‌ಗೆ ಮಾರಿದರೆ, ಇತರ ಖರ್ಚು ಬಿಟ್ಟು, 95 ಲಕ್ಷ ಲಾಭವೆಂದಾಗಿ ಶೇ. 20.315ರ ದರದಲ್ಲಿ 19 ಲಕ್ಷ ಯೆನ್‌ಗೂ ಹೆಚ್ಚು ತೆರಿಗೆ ಬೀಳುತ್ತಿತ್ತು. ಬಿಡುಗಡೆ ಸಿಕ್ಕಾಗ ಅದು ಸೊನ್ನೆ. ಕೆಡವುವ ಖರ್ಚು ಆ ಉಳಿತಾಯದಲ್ಲಿಯೇ ಹುಟ್ಟಿಬಿಡುತ್ತದೆ. 2024ರಿಂದ ಇದನ್ನು ಇನ್ನೂ ಸಡಿಲಿಸಿ, ಮಾರಿದ ಮರುವರ್ಷದ ಫೆಬ್ರುವರಿ 15ರೊಳಗೆ ಕೊಂಡವರೇ ಕೆಡವಿದರೂ ಅಥವಾ ಬಲಪಡಿಸಿದರೂ ಸಾಕು ಎಂದು ಮಾಡಿದ್ದಾರೆ. ಅದೇ ಹೊತ್ತಿಗೆ, ಮೂವರು ಅಥವಾ ಹೆಚ್ಚು ವಾರಸುದಾರರಿದ್ದರೆ ತಲಾ ಮಿತಿಯನ್ನು 2 ಕೋಟಿಗೆ ಇಳಿಸಿದ್ದಾರೆ.

ಈ ನಿಯಮದಲ್ಲಿ ನಾನು ಮೆಚ್ಚುವುದು ಮೊತ್ತವನ್ನಲ್ಲ, ಗಡುವನ್ನು. ಮನೆಯೊಂದು ಪಾಳುಬೀಳುವುದು ಬಹುಪಾಲು ಒಂದೇ ಗಳಿಗೆಯಿಂದ ಶುರುವಾಗುತ್ತದೆ: ಒಂಟಿಯಾಗಿದ್ದ ಹಿರಿಯರು ತೀರಿಕೊಂಡು, ಮಕ್ಕಳು ಬಾಗಿಲಿಗೆ ಬೀಗ ಹಾಕಿ, ಮುಂದಿನ ಸಲ ಬಂದಾಗ ನೋಡೋಣ ಎಂದು ಹೊರಡುವ ಗಳಿಗೆ. ಆಗ ಮಾಡು ಇನ್ನೂ ಗಟ್ಟಿ ಇರುತ್ತದೆ, ವಾರಸುದಾರರು ಎರಡು ಮೂರು ಜನ ಮಾತ್ರ ಇರುತ್ತಾರೆ, ಎಲ್ಲರೂ ಒಬ್ಬರಿಗೊಬ್ಬರು ಮಾತನಾಡುತ್ತಿರುತ್ತಾರೆ. ಇಪ್ಪತ್ತು ವರ್ಷ ಕಳೆದರೆ ಮಾಡು ಇರುವುದಿಲ್ಲ, ಸಹಿ ಹಾಕಬೇಕಾದವರು ಮೊಮ್ಮಕ್ಕಳ ಕಾಲಕ್ಕೆ ಹತ್ತಿಪ್ಪತ್ತು ಜನರಾಗಿರುತ್ತಾರೆ. ನಿರ್ಧಾರ ಸುಲಭವಾಗಿರುವ ಆ ಮೊದಲ ಮೂರು ವರ್ಷಗಳಲ್ಲಿ ಹಣದ ಪ್ರೇರಣೆ ಕೊಡುವುದು, ತರುವಾಯ ಕೊಡುವ ಹತ್ತು ನೋಟಿಸುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. 2024ರ ಜನವರಿ 1ರಂದು ನೊಟೊ ಪರ್ಯಾಯದ್ವೀಪದಲ್ಲಿ ಭೂಕಂಪವಾದ ಮೇಲೆ, ಕುಸಿದ ಮನೆಗಳನ್ನು ಸಾರ್ವಜನಿಕ ಹಣದಲ್ಲಿಯೇ ಕೆಡವಿಕೊಡಲು ವಾಜಿಮಾ, ಸುಜು ಮುಂತಾದ ಊರುಗಳ ಆಡಳಿತ ಮುಂದೆ ಬಂದರೂ, ತಲೆಮಾರುಗಳಿಂದ ಹೆಸರು ಬದಲಾಗದ ಆಸ್ತಿಗಳಲ್ಲಿ ವಾರಸುದಾರರ ಒಪ್ಪಿಗೆ ಹುಡುಕುವುದೇ ಕೆಲಸ ತಡವಾಗಲು ಒಂದು ಕಾರಣವಾಯಿತು. ಅದೇ ವರ್ಷದ ಏಪ್ರಿಲ್ 1ರಿಂದ, ಪಿತ್ರಾರ್ಜಿತ ಆಸ್ತಿಯನ್ನು ಮೂರು ವರ್ಷಗಳೊಳಗೆ ತಮ್ಮ ಹೆಸರಿಗೆ ನೋಂದಾಯಿಸುವುದು ಕಡ್ಡಾಯವಾಗಿದೆ. ಸಕಾರಣವಿಲ್ಲದೆ ತಪ್ಪಿದರೆ 1 ಲಕ್ಷ ಯೆನ್‌ವರೆಗೆ ದಂಡ. ಬಹಳ ಹಿಂದೆಯೇ ಬರಬೇಕಾಗಿದ್ದ ನಿಯಮ ಅದು.

ಆದರೆ 3 ಕೋಟಿಯ ಬಿಡುಗಡೆ ನನ್ನ ಪಟ್ಟಣದಂಥ ಕಡೆ ತಲುಪುವುದೇ ಇಲ್ಲ. ಲಾಭವಿದ್ದರೆ ತಾನೆ ಲಾಭದ ತೆರಿಗೆಯಿಂದ ಬಿಡುಗಡೆ? 20 ಲಕ್ಷ ಯೆನ್‌ಗೆ ಮಾರುವ ಜಾಗದಲ್ಲಿ ಉಳಿತಾಯವಾಗುವ ತೆರಿಗೆ 4 ಲಕ್ಷದೊಳಗೆ, ಕೆಡವುವ ಖರ್ಚಿನ ಅರ್ಧವೂ ಅಲ್ಲ. ಕೊಳ್ಳುವವರೇ ಇಲ್ಲದ ಗುಡ್ಡದ ಮೇಲಿನ ಮನೆಗೆ ಅದರಿಂದ ಬಿಡಿಗಾಸೂ ಇಲ್ಲ. ಟೋಕಿಯೊ, ಒಸಾಕಾಗಳ ಹೊರವಲಯದಲ್ಲಿ, ಹೇಗಿದ್ದರೂ ಮಾರುಕಟ್ಟೆಯೇ ಮನೆಯನ್ನು ಎತ್ತಿಕೊಳ್ಳುತ್ತಿದ್ದ ಜಾಗಗಳಲ್ಲಿ ಈ ನಿಯಮ ಚೆನ್ನಾಗಿ ನಡೆಯುತ್ತದೆ. ಜನಸಂಖ್ಯೆ ಕರಗುತ್ತಿರುವ ಊರುಗಳು ತಮ್ಮ ಪಾಡನ್ನು ತಾವೇ ನೋಡಿಕೊಳ್ಳಬೇಕಾಗಿದೆ. ಹಲವು ಊರುಗಳು ಕೆಡವುವ ಖರ್ಚಿನಲ್ಲಿ ಒಂದು ಪಾಲನ್ನು ಸಹಾಯಧನವಾಗಿ ಕೊಡುತ್ತವೆ. ನೀಗಾತಾ ಪ್ರಾಂತ್ಯದ ಮಿತ್ಸುಕೆ, ತೊಯಾಮಾದ ತಾತೆಯಾಮಾ, ಫುಕುವೊಕಾದ ಬುಜೆನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯದ ಮನೆಯನ್ನು ತಾವಾಗಿ ಕೆಡವಿದವರಿಗೆ ಮೊದಲಿನ ತೆರಿಗೆಯನ್ನೇ ಕೆಲವು ವರ್ಷ ಮುಂದುವರಿಸುವ ಕ್ರಮ ತಂದವು. ಬರಬೇಕಾದ ಆದಾಯವನ್ನು ಬಿಟ್ಟುಕೊಡಲು ಒಂದು ಬಡ ಪುರಸಭೆ ಮುಂದಾಗುವುದು ಸಣ್ಣ ಮಾತಲ್ಲ, ಆದರೆ ಮನೆ ಬಿದ್ದು ಬೀದಿ ಹಾಳಾದ ಮೇಲೆ ಆ ಆದಾಯವೂ ಉಳಿಯುವುದಿಲ್ಲವೆಂಬುದನ್ನು ಆ ಊರುಗಳು ಅರಿತಿವೆ.

ಕೆಡವುವವರಿಗೆ ಇಷ್ಟಾದರೂ ಇದೆ, ದುರಸ್ತಿ ಮಾಡುವವರಿಗೆ ಇರುವುದು ತೀರಾ ಕಡಿಮೆ. 1982ಕ್ಕಿಂತ ಮೊದಲು ಕಟ್ಟಿದ ಮನೆಯನ್ನು 5 ಲಕ್ಷ ಯೆನ್‌ಗಿಂತ ಹೆಚ್ಚು ಖರ್ಚು ಮಾಡಿ ಭೂಕಂಪ ತಡೆಯುವಂತೆ ಬಲಪಡಿಸಿದರೆ, ಕಟ್ಟಡದ ಮೇಲಿನ ಆಸ್ತಿ ತೆರಿಗೆ ಸಾಮಾನ್ಯವಾಗಿ ಒಂದು ವರ್ಷದ ಮಟ್ಟಿಗೆ ಅರ್ಧವಾಗುತ್ತದೆ. ಹಳೆಯ ಮರದ ಮನೆಯ ತೆರಿಗೆ ಮೊದಲೇ ಅಲ್ಪ. ಅದರ ಅರ್ಧ ಎಂದರೆ ಎರಡು ಮೂರು ಚೀಲ ಸಿಮೆಂಟಿನ ಬೆಲೆಯೂ ಆಗದೆ ಹೋಗಬಹುದು. ಆದಾಯ ತೆರಿಗೆಯಲ್ಲಿ 2.5 ಲಕ್ಷ ಯೆನ್‌ವರೆಗೆ ಕಡಿತ ಸಿಗುತ್ತದೆಂಬುದು ನಿಜ, ಆದರೆ ಅದು ತಾನು ವಾಸಿಸುವ ಮನೆಗೆ ಮಾತ್ರ. ಹಿರೋಶಿಮಾ ಪ್ರಾಂತ್ಯದ ಓನೊಮಿಚಿಯಲ್ಲಿ, ಕಾರು ಹತ್ತದ ಇಳಿಜಾರಿನ ಹಳೆಯ ಮನೆಗಳನ್ನು 2007ರಿಂದ ಸ್ಥಳೀಯ ಸ್ವಯಂಸೇವಾ ಸಂಸ್ಥೆಯೊಂದು ಉಳಿಸುತ್ತ ಬಂದಿದೆ. ಖಾಲಿ ಮನೆಗಳ ಪಟ್ಟಿಯನ್ನು ನಗರಾಡಳಿತದ ಜೊತೆ ಸೇರಿ ನಡೆಸುತ್ತ, ಹೊಸಬರಿಗೆ ಗೋಡೆಗೆ ಮಣ್ಣು ಮೆತ್ತುವುದನ್ನು ಕಲಿಸುತ್ತ, ಸಾಮಾನು ಸಾಗಿಸಲು ಕೈಜೋಡಿಸುತ್ತ, ಮನೆಗಳಿಗೆ ಮತ್ತೆ ಜನರನ್ನು ತಂದಿದೆ. ಅಲ್ಲಿನ ಬೀದಿಗಳಲ್ಲಿ ನಡೆದಾಗ, ದೀಪ ಹತ್ತಿದ ಪ್ರತಿಯೊಂದು ಹಳೆಯ ಮನೆಯ ಹಿಂದೆ ತೆರಿಗೆ ವ್ಯವಸ್ಥೆಯ ನೆರವು ಎಷ್ಟು ಅಲ್ಪ, ಜನರ ಮೈಬೆವರು ಎಷ್ಟು ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತದೆ.

ಕರ್ನಾಟಕದ ಓದುಗರಿಗೆ ಇಲ್ಲೊಂದು ಹೋಲಿಕೆ ಉಪಯುಕ್ತವಾಗಬಹುದು. ನಮ್ಮ ಪುರಸಭೆಗಳ ಆಸ್ತಿ ತೆರಿಗೆಯಲ್ಲಿ ಖಾಲಿ ನಿವೇಶನದ ಮೇಲಿನ ಹೊರೆ ಕಟ್ಟಡದ ಮೇಲಿನದಕ್ಕಿಂತ ಸಾಮಾನ್ಯವಾಗಿ ಹಗುರ, ಕಟ್ಟಡ ಹಳೆಯದಾದಂತೆ ಸವಕಳಿಯೂ ಕಳೆಯುತ್ತದೆ. ಅಂದರೆ ಜಪಾನಿನಲ್ಲಿರುವ ತಲೆಕೆಳಗಾದ ಪ್ರೇರಣೆ ನಮ್ಮಲ್ಲಿಲ್ಲ. ಆದರೂ ನಮ್ಮ ಹಳೆಯ ಪೇಟೆಬೀದಿಗಳಲ್ಲಿ, ತೊಟ್ಟಿಮನೆಗಳ ಕೇರಿಗಳಲ್ಲಿ, ಪಾಲುಪಟ್ಟಿ ಆಗದೆ, ಪೌತಿ ಖಾತೆ ಬದಲಾಗದೆ, ಬೇವಿನ ಗಿಡ ಗೋಡೆ ಸೀಳುತ್ತಿರುವ ಮನೆಗಳಿವೆ. ತೆರಿಗೆಯ ದರ ಯಾವ ಕಡೆ ವಾಲಿದ್ದರೂ ವಾರಸುದಾರರ ಒಪ್ಪಂದ ಆಗದೆ ಒಂದು ಹಂಚೂ ಕದಲುವುದಿಲ್ಲ ಎಂಬುದಕ್ಕೆ ಎರಡೂ ಕಡೆಯ ಪಾಳುಮನೆಗಳು ಸಾಕ್ಷಿ.

ಹಾಗಾಗಿ ನಾನು ಬಯಸುವ ಬದಲಾವಣೆ ಇಷ್ಟು. ವಾಸದ ಜಾಗದ ರಿಯಾಯಿತಿ ಮರಮಟ್ಟು ನಿಂತಿದೆ ಎಂಬುದಕ್ಕಲ್ಲ, ಅಲ್ಲಿ ಜನ ವಾಸಿಸುತ್ತಾರೆ ಅಥವಾ ಯಾರಾದರೂ ಅದನ್ನು ವಾಸಯೋಗ್ಯವಾಗಿ ಇಟ್ಟಿದ್ದಾರೆ ಎಂಬುದಕ್ಕೆ ಸಿಗಬೇಕು. ಅಧಿಕಾರಿಯೊಬ್ಬರು ಮನೆಮನೆಗೆ ಹೋಗಿ ತಪ್ಪು ಹುಡುಕಿ ರಿಯಾಯಿತಿ ಕಸಿಯುವ ಈಗಿನ ಕ್ರಮದ ಬದಲು, ಮನೆ ಖಾಲಿಯಾಗಿ ಮೂರು ವರ್ಷ ಕಳೆದ ಮೇಲೆ ಅದು ತಾನಾಗಿ ಇಳಿಯುತ್ತ ಹೋಗಲಿ. ಆ ಮೂರು ವರ್ಷಗಳೊಳಗೆ ಕೆಡವಿದವರಿಗೆ ಖಾಲಿ ಜಾಗದ ಮೇಲೂ ಹಳೆಯ ತೆರಿಗೆಯನ್ನೇ ಒಂದಷ್ಟು ಕಾಲ ಉಳಿಸಿ, ದುರಸ್ತಿ ಮಾಡಿ ಬಾಡಿಗೆಗೋ ಮಾರಾಟಕ್ಕೋ ಕೊಟ್ಟವರಿಗೆ ಒಂದು ವರ್ಷದ ಬದಲು ಹತ್ತು ವರ್ಷ ಕಟ್ಟಡದ ತೆರಿಗೆ ಬಿಡಲಿ. ಇದರಿಂದ ಪುರಸಭೆಗೆ ಆಗುವ ನಷ್ಟವನ್ನು ಕೇಂದ್ರ ಸರ್ಕಾರ ತುಂಬಿಕೊಡಬೇಕು, ಏಕೆಂದರೆ ಅತಿ ಹೆಚ್ಚು ಪಾಳುಮನೆಗಳಿರುವ ಊರುಗಳೇ ಅತಿ ಕಡಿಮೆ ಆದಾಯದ ಊರುಗಳು. 3 ಕೋಟಿ ಯೆನ್ನಿನ ಬಿಡುಗಡೆಯ ಅವಧಿ 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸುವ ಮಾತು ಬಂದಾಗ, ಮಾರಾಟದಲ್ಲಿ ಲಾಭವೇ ಇಲ್ಲದ ಜಾಗಗಳ ವಾರಸುದಾರರು ಕೆಡವುವ ಖರ್ಚನ್ನು ತಮ್ಮ ಸಂಬಳದ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವಾಗಬೇಕು, ಮತ್ತು 1981ರ ಗೆರೆಯನ್ನು ಸರಿಸಿ ಆಮೇಲಿನ ಮನೆಗಳನ್ನೂ ಒಳಗೆ ತರಬೇಕು. 1980ರ ದಶಕದಲ್ಲಿ ಮನೆ ಕಟ್ಟಿದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ, ಮುಂದಿನ ಹತ್ತು ವರ್ಷಗಳಲ್ಲಿ ಬೀಗ ಬೀಳುವುದು ಅವರ ಮನೆಗಳಿಗೆ.